ಮ್ಯೂಸಿಯಂನಲ್ಲಿ ಕೈಸನ್ನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಜಿಲ್ಲಾ ಮ್ಯೂಸಿಯಂ, ಕಾಲೇಜಿನ ಪುರಾತತ್ವ ಕೊಠಡಿ, ಮಠದ ಸಂಗ್ರಹ, ಊರವರೇ ಸೇರಿ ಕಟ್ಟಿದ ಜಾನಪದ ಮನೆ, ಇವುಗಳನ್ನು ನೋಡಿಕೊಳ್ಳುವವರಿಗೆ, ಅಲ್ಲಿಗೆ ಮಕ್ಕಳನ್ನು ಕರೆದೊಯ್ಯುವ ಮೇಷ್ಟ್ರುಗಳಿಗೆ, ಈ ವಿಷಯದಲ್ಲಿ ಪ್ರಾಜೆಕ್ಟ್ ಮಾಡಬೇಕೆಂದಿರುವ ವಿದ್ಯಾರ್ಥಿಗಳಿಗೆ ಈ ಪುಟ.

ಕೈಸನ್ನೆಯ ಪ್ರದರ್ಶನ ಅಂದರೆ ಏನು?

ಮೌಸ್, ಬಟನ್, ಟಚ್‌ಸ್ಕ್ರೀನ್ ಯಾವುದನ್ನೂ ಮುಟ್ಟದೆ, ನೋಡುಗರ ಕೈ ಅಥವಾ ಇಡೀ ಮೈಯ ಚಲನೆಗೆ ಸ್ಪಂದಿಸುವ ಪ್ರದರ್ಶನ. ನೀವು ಕೈ ತಿರುಗಿಸಿದರೆ ಪರದೆಯ ಮೇಲಿನ ಕಂಚಿನ ವಿಗ್ರಹವೂ ತಿರುಗುತ್ತದೆ, ಒಂದು ಹೆಜ್ಜೆ ಮುಂದಿಟ್ಟರೆ ಗುಡಿಯ ಒಳಗೆ ಹೋಗುತ್ತೀರಿ. ಕಲ್ಪನೆ ಹೊಸದಲ್ಲ. ಅಮೆರಿಕದ ಕಲಾವಿದ, ಕಂಪ್ಯೂಟರ್ ತಜ್ಞ ಮೈರನ್ ಕ್ರೂಗರ್ 1970ರ ದಶಕದಲ್ಲೇ ‘ವಿಡಿಯೋಪ್ಲೇಸ್’ ಎಂಬ ಕೋಣೆ ಮಾಡಿದ್ದರು. ಒಳಗೆ ಬಂದವರ ನೆರಳಿನಾಕಾರ ಪರದೆಯ ಮೇಲೆ ಮೂಡುತ್ತಿತ್ತು, ಅಲ್ಲಿದ್ದ ಚಿತ್ರಗಳ ಜೊತೆ ಆಡುತ್ತಿತ್ತು. ಮ್ಯೂಸಿಯಂಗಳ ಕೈಗೆಟಕುವ ಬೆಲೆಗೆ ಈ ತಂತ್ರ ಇಳಿದದ್ದು ಮಾತ್ರ 2010ರ ನಂತರ.

ಯಂತ್ರಕ್ಕೆ ನನ್ನ ಕೈ ಹೇಗೆ ಕಾಣುತ್ತದೆ?

ಮುಖ್ಯವಾಗಿ ಮೂರು ದಾರಿಗಳಿವೆ. ಮೊದಲನೆಯದು ಆಳ ಅಳೆಯುವ ಕ್ಯಾಮೆರಾ. 2010ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ವಿಡಿಯೋ ಗೇಮ್‌ಗೆಂದು ತಂದ ಕಿನೆಕ್ಟ್, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಚುಕ್ಕಿಗಳನ್ನು ಕೋಣೆಯ ತುಂಬ ಚೆಲ್ಲಿ, ಅವು ಎಲ್ಲೆಲ್ಲಿ ಸರಿದವು ಎಂಬುದರಿಂದ ಪ್ರತಿ ಬಿಂದುವಿನ ದೂರ ಲೆಕ್ಕ ಹಾಕುತ್ತಿತ್ತು. ಆ ಲೆಕ್ಕದಿಂದ ಮೈಯ 20 ಕೀಲುಗಳನ್ನು ಗುರುತಿಸುತ್ತಿತ್ತು. ಮುಂದಿನ ಆವೃತ್ತಿ ಬೆಳಕು ಹೋಗಿ ಬರುವ ಸಮಯವನ್ನು ಅಳೆದು 25 ಕೀಲುಗಳನ್ನು ಹಿಡಿಯಿತು.

ಎರಡನೆಯದು ಬೆರಳುಗಳಿಗೇ ಮೀಸಲಾದ ಪುಟ್ಟ ಸಾಧನ. 2013ರಲ್ಲಿ ಮಾರುಕಟ್ಟೆಗೆ ಬಂದ ಲೀಪ್ ಮೋಷನ್ ಈ ಬಗೆಯದು. ಮೇಜಿನ ಮೇಲಿಟ್ಟರೆ ಅದರ ಮೇಲಿನ ಸುಮಾರು ಎರಡಡಿ ಜಾಗದಲ್ಲಿ ಹತ್ತು ಬೆರಳನ್ನೂ ಹಿಂಬಾಲಿಸುತ್ತದೆ.

ಮೂರನೆಯದು ವಿಶೇಷ ಯಂತ್ರವೇ ಬೇಡದ ದಾರಿ. ಸಾಮಾನ್ಯ ವೆಬ್‌ಕ್ಯಾಮ್ ಚಿತ್ರದಿಂದಲೇ ತಂತ್ರಾಂಶ ಕೈಯನ್ನು ಗುರುತಿಸುತ್ತದೆ. ಗೂಗಲ್ 2019ರಲ್ಲಿ ಮುಕ್ತವಾಗಿ ಬಿಟ್ಟ ಮೀಡಿಯಾಪೈಪ್ ಒಂದು ಕೈಯಲ್ಲಿ 21 ಬಿಂದುಗಳನ್ನು, ಇಡೀ ಮೈಯಲ್ಲಿ 33 ಬಿಂದುಗಳನ್ನು ಗುರುತಿಸುತ್ತದೆ, ಬ್ರೌಸರ್ ಒಳಗೇ ಓಡುತ್ತದೆ. ಸಣ್ಣ ಮ್ಯೂಸಿಯಂಗಳಿಗೆ ಇವತ್ತು ನಮ್ಮ ಸಲಹೆ ಈ ಮೂರನೆಯ ದಾರಿಯೇ.

ಹಳೆಯ ಕಿನೆಕ್ಟ್ ಅಗ್ಗಕ್ಕೆ ಸಿಗುತ್ತಿದೆ. ಕೊಳ್ಳಬಹುದೇ?

ಕಲಿಯಲು ಕೊಳ್ಳಿ, ಶಾಶ್ವತ ಪ್ರದರ್ಶನಕ್ಕೆ ಬೇಡ. ಗೇಮ್ ಕಿನೆಕ್ಟ್ ತಯಾರಿಕೆ 2017ರಲ್ಲಿ ನಿಂತಿತು. ನಂತರ ಬಂದ ಅಜೂರ್ ಕಿನೆಕ್ಟ್ ಕೂಡ 2023ರಲ್ಲಿ ನಿಂತಿತು. ಒಂದೇ ಕಂಪನಿಯ ಒಂದೇ ಡಬ್ಬಿಯನ್ನು ನಂಬಿ ಮಾಡಿದ ಪ್ರದರ್ಶನ, ಆ ಡಬ್ಬಿ ಕೆಟ್ಟ ದಿನ ಮುಚ್ಚಿಹೋಗುತ್ತದೆ. ಕಥೆ, ಚಿತ್ರ, ಮೂರು ಆಯಾಮದ ಮಾದರಿ ಒಂದು ಕಡೆ, ಕೈ ಗುರುತಿಸುವ ಭಾಗ ಇನ್ನೊಂದು ಕಡೆ ಇರುವಂತೆ ಬರೆಸಿಕೊಳ್ಳಿ. ಆಗ ಸಾಧನ ಬದಲಾದರೂ ಉಳಿದದ್ದು ಹಾಗೇ ನಿಲ್ಲುತ್ತದೆ.

ಟಚ್‌ಸ್ಕ್ರೀನ್ ಇರುವಾಗ ಇದೆಲ್ಲ ಯಾಕೆ?

ತುಂಬ ಕಡೆ ಬೇಕಾಗಿಯೇ ಇಲ್ಲ. ಪಟ್ಟಿಯಿಂದ ಆಯ್ಕೆ ಮಾಡುವುದು, ಬರಹ ಓದುವುದು, ನಕ್ಷೆ ಹಿಗ್ಗಿಸುವುದು ಇಂಥವಕ್ಕೆಲ್ಲ ಟಚ್‌ಸ್ಕ್ರೀನೇ ವಾಸಿ. ಗಾಳಿಯಲ್ಲಿ ಕೈ ಬೀಸಿ ಮುಂದಿನ ಪುಟ ತಿರುವುವುದರಿಂದ ನೋಡುಗರಿಗೆ ದಕ್ಕುವುದೇನೂ ಇಲ್ಲ, ತೋಳು ನೋಯುತ್ತದೆ ಅಷ್ಟೇ.

ಕೈಸನ್ನೆಗೆ ಅರ್ಥ ಬರುವುದು ಒಂದೇ ಸಂದರ್ಭದಲ್ಲಿ: ಕೈ ಮಾಡುವ ಕೆಲಸವೇ ಆ ವಸ್ತುವಿನ ಬಗ್ಗೆ ಏನನ್ನೋ ಕಲಿಸುವಾಗ. ದೀಪ ಹಿಡಿದಂತೆ ಕೈ ಸರಿಸಿದರೆ ಸವೆದ ಅಕ್ಷರ ಮೇಲೇಳುತ್ತದೆ ಎಂದಾದರೆ, ಅದು ಶಾಸನ ಓದುವವರು ನಿಜವಾಗಿ ಮಾಡುವ ಕೆಲಸ. ಈ ಪುಟದಲ್ಲಿ ಮುಂದೆ ಬರುವ ಉತ್ತರಗಳೆಲ್ಲ ಈ ಒಂದು ನಂಬಿಕೆಯ ಮೇಲೆ ನಿಂತಿವೆ. ಸನ್ನೆ ವಸ್ತುವಿನಿಂದ ಹುಟ್ಟಬೇಕು, ಯಂತ್ರದಿಂದ ಅಲ್ಲ.

ಹಾಗೆ ಚೆನ್ನಾಗಿ ಮಾಡಿದ್ದು ಎಲ್ಲಿದೆ?

ನಮಗೆ ಬಹಳ ಹಿಡಿಸಿದ್ದು ಇಟಲಿಯ ಒಂದು ಸಮಾಧಿಯದು. ರೋಮ್‌ನ ವಾಯವ್ಯಕ್ಕಿರುವ ಚೆರ್ವೆತೆರಿಯಲ್ಲಿ 1836ರಲ್ಲಿ ರೆಗೊಲಿನಿ ಎಂಬ ಪಾದ್ರಿ ಮತ್ತು ಗಲಾಸ್ಸಿ ಎಂಬ ಜನರಲ್ ಒಂದು ಎಟ್ರುಸ್ಕನ್ ಸಮಾಧಿ ತೆಗೆದರು. ಎಟ್ರುಸ್ಕನ್ನರು ಅಂದರೆ ರೋಮನ್ನರ ಏಳಿಗೆಗೆ ಮೊದಲು ಮಧ್ಯ ಇಟಲಿಯಲ್ಲಿ ಬಾಳಿದ ಜನ. ಕ್ರಿಸ್ತಪೂರ್ವ ಏಳನೆಯ ಶತಮಾನದ್ದು. ಒಳಗೆ ಒಬ್ಬ ಸಿರಿವಂತ ಹೆಂಗಸಿನ ಚಿನ್ನದ ಒಡವೆ, ಬೆಳ್ಳಿ ಪಾತ್ರೆ, ಕಂಚಿನ ಮಂಚ, ರಥದ ತುಂಡುಗಳು ಇದ್ದವು. ಎಲ್ಲವೂ ವ್ಯಾಟಿಕನ್‌ನ ಗ್ರೆಗೋರಿಯನ್ ಎಟ್ರುಸ್ಕನ್ ಮ್ಯೂಸಿಯಂ ಸೇರಿದವು. ಸಮಾಧಿ ಅಲ್ಲಿ ಬರಿದಾಗಿ ಉಳಿಯಿತು, ವಸ್ತುಗಳು ಇಲ್ಲಿ ಗಾಜಿನ ಹಿಂದೆ ಉಳಿದವು. ಎರಡನ್ನೂ ಒಟ್ಟಿಗೆ ಕಾಣುವುದು ಯಾರಿಗೂ ಸಾಧ್ಯವಿರಲಿಲ್ಲ.

ಇಟಲಿ, ನೆದರ್ಲೆಂಡ್ಸ್, ಬೆಲ್ಜಿಯಂನ ಸಂಶೋಧಕರು ಸೇರಿ ಮಾಡಿದ ‘ಎಟ್ರುಸ್ಕಾನಿಂಗ್’ ಯೋಜನೆ ಸಮಾಧಿಯನ್ನೂ ವಸ್ತುಗಳನ್ನೂ ಕಂಪ್ಯೂಟರ್‌ನಲ್ಲಿ ಮತ್ತೆ ಕೂಡಿಸಿತು. ಮೊದಲ ಪ್ರದರ್ಶನ 2011ರಲ್ಲಿ ನೆದರ್ಲೆಂಡ್ಸ್‌ನಲ್ಲಿ, ಆಮೇಲೆ ವ್ಯಾಟಿಕನ್‌ನಲ್ಲೇ. ದೊಡ್ಡ ಪರದೆ, ಅದರ ಮುಂದೆ ನೆಲದ ಮೇಲೆ ಸಮಾಧಿಯ ನಕ್ಷೆ. ನೋಡುಗರು ಆ ನಕ್ಷೆಯ ಮೇಲೆ ನಡೆದು, ಗುರುತು ಮಾಡಿದ ಜಾಗದಲ್ಲಿ ನಿಂತರೆ ಪರದೆಯಲ್ಲಿ ಆ ಜಾಗ ತೆರೆದುಕೊಂಡು ಕಥೆ ಶುರುವಾಗುತ್ತಿತ್ತು. ಹೊಸ ಸನ್ನೆ ಕಲಿಯುವ ತಾಪತ್ರಯವಿಲ್ಲ. ನಡೆಯುವುದು, ನಿಲ್ಲುವುದು ಎಲ್ಲರಿಗೂ ಗೊತ್ತು. ಮೇಲಾಗಿ ಆ ಸಮಾಧಿ ಉದ್ದಕ್ಕೆ ಚಾಚಿದ ಇಕ್ಕಟ್ಟಾದ ಓಣಿಯಂಥದ್ದು. ಅದರ ಉದ್ದ ಅರ್ಥವಾಗಬೇಕಾದರೆ ಕಾಲಿಗೇ ಗೊತ್ತಾಗಬೇಕು.

ಇದೇ ಇಟಲಿಯ ತಂಡ 2014ರಲ್ಲಿ ರೋಮ್‌ನ ವಿಲ್ಲಾ ಜೂಲಿಯಾ ಮ್ಯೂಸಿಯಂಗೆ ಟೈಬರ್ ನದಿ ಕಣಿವೆಯ ಪ್ರದರ್ಶನ ಮಾಡಿಕೊಟ್ಟಿತು. ಅಲ್ಲಿ ಎರಡೂ ತೋಳು ಚಾಚಿದರೆ ಹಕ್ಕಿಯಂತೆ ಕಣಿವೆಯ ಮೇಲೆ ಹಾರಬಹುದಿತ್ತು.

ಭಾರತದಲ್ಲಿ ಇಂಥ ಯೋಚನೆ ನಡೆದಿದೆಯೇ?

ನಡೆದಿದೆ, ಅದೂ ಕಿನೆಕ್ಟ್ ಹುಟ್ಟುವ ಮೊದಲೇ. ದೆಹಲಿಯ ಗಾಂಧಿ ಸ್ಮೃತಿಯಲ್ಲಿ, ಅಂದರೆ ಗಾಂಧೀಜಿ ತಮ್ಮ ಕೊನೆಯ 144 ದಿನ ಕಳೆದ ಮನೆಯಲ್ಲಿ, 2005ರಲ್ಲಿ ‘ಎಟರ್ನಲ್ ಗಾಂಧಿ’ ಮಲ್ಟಿಮೀಡಿಯಾ ಮ್ಯೂಸಿಯಂ ತೆರೆಯಿತು. ರೂಪಿಸಿದವರು ರಂಜಿತ್ ಮಕ್ಕುಣಿ. ಅಲ್ಲಿ ನೋಡುಗರು ಚರಕ ತಿರುಗಿಸುತ್ತಾರೆ, ಪ್ರಾರ್ಥನಾ ಚಕ್ರ ಸುತ್ತುತ್ತಾರೆ, ಜಪಮಣಿ ಎಣಿಸುತ್ತಾರೆ, ಕಂಬ ಮುಟ್ಟುತ್ತಾರೆ. ಆ ಕ್ರಿಯೆಗೆ ತಕ್ಕಂತೆ ಚಿತ್ರ, ಧ್ವನಿ, ಚರಿತ್ರೆ ತೆರೆದುಕೊಳ್ಳುತ್ತದೆ. ಗಾಳಿಯಲ್ಲಿ ಕೈ ಆಡಿಸುವ ಪ್ರಶ್ನೆಯೇ ಇಲ್ಲ, ಆದರೂ ಇದು ಸನ್ನೆಯ ಪ್ರದರ್ಶನವೇ. ಗಾಂಧಿಯನ್ನು ತಿಳಿಯಲು ಚರಕಕ್ಕಿಂತ ಸರಿಯಾದ ಬಟನ್ ಯಾವುದಿದೆ? ಹೊಸ ಕ್ಯಾಮೆರಾ ತಂತ್ರಗಳ ಬೆನ್ನು ಹತ್ತಿದವರು ಮೊದಲು ಇದನ್ನು ನೋಡಿಬರಬೇಕು.

ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, ಡಿಜಿಟಲ್ ಕಲಾವಿದರಾದ ಸಾರಾ ಕೆಂಡರ್ಡೈನ್ ಮತ್ತು ಜೆಫ್ರಿ ಶಾ 2006ರಲ್ಲಿ ಯುರೋಪಿನಲ್ಲಿ ಮೊದಲು ತೋರಿಸಿದ ‘ಪ್ಲೇಸ್-ಹಂಪಿ’ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ‘ಕಲಾಧಾಮ’ ಎಂಬ ಕಲಾಕೇಂದ್ರಕ್ಕೂ ಬಂತು. ಸುತ್ತಲೂ ಆವರಿಸುವ ಪರದೆಯಲ್ಲಿ ಹಂಪಿಯ ಸ್ಮಾರಕಗಳ ಮೂರು ಆಯಾಮದ ಚಿತ್ರ, ಯಾವ ಕಡೆ ನೋಡಬೇಕೆಂಬುದು ನೋಡುಗರದೇ ನಿರ್ಧಾರ. ಹಂಪಿಯಿಂದ ಅಲ್ಲಿಗೆ ದೂರವೇನಿಲ್ಲ.

ನಮ್ಮಲ್ಲಿ ವೀರಗಲ್ಲು, ಶಾಸನ ಬಿಟ್ಟರೆ ಬೇರೇನೂ ಇಲ್ಲ. ಜನ ಎರಡು ನಿಮಿಷ ನಿಲ್ಲುವುದಿಲ್ಲ. ಏನು ಮಾಡಬಹುದು?

ಕೈಸನ್ನೆಗೆ ಇದಕ್ಕಿಂತ ಒಳ್ಳೆಯ ವಸ್ತು ಇನ್ನೊಂದಿಲ್ಲ ಎಂದೇ ನಮ್ಮ ಅನಿಸಿಕೆ.

ವೀರಗಲ್ಲನ್ನು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಶಿವಲಿಂಗದ ಎದುರು ಆತ. ನೋಡಲು ಬಂದವರಲ್ಲಿ ಅನೇಕರು ಮೇಲಿನಿಂದ ನೋಡಲು ಶುರುಮಾಡಿ ಕಥೆ ಕಳೆದುಕೊಳ್ಳುತ್ತಾರೆ. ಕಲ್ಲಿನ ಪಕ್ಕದ ಪರದೆಯಲ್ಲಿ, ನೋಡುಗರು ಕೈಯನ್ನು ಸೊಂಟದಿಂದ ತಲೆಯ ಎತ್ತರಕ್ಕೆ ನಿಧಾನವಾಗಿ ಎತ್ತಿದಂತೆ ಒಂದೊಂದೇ ಪಟ್ಟಿ ಬೆಳಗಲಿ. ಓದುವ ಕ್ರಮ ಕೈಗೆ ಬಂದುಬಿಡುತ್ತದೆ. ಮುಂದೆ ಯಾವ ಊರಿನ ಕೆರೆ ಏರಿಯ ಮೇಲೆ ವೀರಗಲ್ಲು ಕಂಡರೂ, ಇಲ್ಲಿ ಹಾಗೆ ಕೈ ಎತ್ತಿದ ಮಗು ಕೆಳಗಿನಿಂದ ನೋಡುತ್ತದೆ.

ಶಾಸನದ್ದು ಇನ್ನೂ ಸ್ವಾರಸ್ಯ. ಸವೆದ ಅಕ್ಷರ ನೇರ ಬೆಳಕಿನಲ್ಲಿ ಕಾಣುವುದಿಲ್ಲ. ದೀಪವನ್ನು ಪಕ್ಕದಿಂದ, ಕಲ್ಲಿನ ಮೈಗೆ ತಾಗುವಷ್ಟು ಓರೆಯಾಗಿ ಹಿಡಿದರೆ ಗೆರೆಗಳಲ್ಲಿ ನೆರಳು ತುಂಬಿ ಅಕ್ಷರ ಎದ್ದುನಿಲ್ಲುತ್ತದೆ. ಇದನ್ನೇ ಕಂಪ್ಯೂಟರ್‌ಗೆ ತರುವ ವಿಧಾನ 2001ರಲ್ಲಿ ಎಚ್‌ಪಿ ಕಂಪ್ಯೂಟರ್ ಕಂಪನಿಯ ಪ್ರಯೋಗಾಲಯದ ಟಾಮ್ ಮಾಲ್ಝ್‌ಬೆಂಡರ್ ಕೆಲಸದಿಂದ ಬೆಳೆಯಿತು. ಕ್ಯಾಮೆರಾವನ್ನು ಸ್ಟ್ಯಾಂಡ್ ಮೇಲೆ ಅಲುಗದಂತೆ ನಿಲ್ಲಿಸಿ, ಫ್ಲಾಶ್ ಒಂದನ್ನೇ ಬೇರೆ ಬೇರೆ ಕೋನಕ್ಕೆ ಸರಿಸುತ್ತ ನಲವತ್ತು, ಐವತ್ತು ಚಿತ್ರ ತೆಗೆಯಬೇಕು. ಕಲ್ಲಿನ ಪಕ್ಕ ಹೊಳೆಯುವ ಕರಿಯ ಗೋಲಿಯೊಂದನ್ನು ಇಟ್ಟರೆ, ಅದರ ಮೇಲಿನ ಮಿನುಗಿನಿಂದ ಬೆಳಕು ಎಲ್ಲಿಂದ ಬಂತೆಂದು ತಂತ್ರಾಂಶ ಲೆಕ್ಕ ಹಾಕುತ್ತದೆ. ಆಮೇಲೆ ಪರದೆಯಲ್ಲಿ ಬೆಳಕನ್ನು ಬೇಕಾದತ್ತ ಸರಿಸಬಹುದು. ಆ ಬೆಳಕನ್ನು ನೋಡುಗರ ಅಂಗೈಗೆ ಕಟ್ಟಿ. ಕೈ ಎಡಕ್ಕೆ ಹೋದರೆ ದೀಪ ಎಡಕ್ಕೆ, ಕೆಳಗಿಳಿದರೆ ಕೆಳಗೆ. ಕಲ್ಲಿನಲ್ಲಿ ಏನೂ ಇಲ್ಲ ಎಂದುಕೊಂಡಿದ್ದವರ ಕೈಯಲ್ಲೇ ಒಂದು ‘ಸ್ವಸ್ತಿ ಶ್ರೀ’ ಎದ್ದುಬಂದರೆ, ಅವರು ಎರಡಲ್ಲ ಹತ್ತು ನಿಮಿಷ ನಿಲ್ಲುತ್ತಾರೆ.

ಇತಿಹಾಸ ಸಂಶೋಧನೆಗೆ ಹೆಸರಾದ ಬೆಂಗಳೂರಿನ ಮಿಥಿಕ್ ಸೊಸೈಟಿ ನಗರ ಮತ್ತು ಸುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುವ ಕೆಲಸವನ್ನು ಶ್ರದ್ಧೆಯಿಂದ ನಡೆಸುತ್ತಿದೆ. ಬೇಗೂರಿನ ‘ಬೆಂಗಳೂರು ಕಾಳಗ’ದ ಶಾಸನದಂಥ ಕಲ್ಲುಗಳಿರುವ ನಾಡಿನಲ್ಲಿ ಸ್ಕ್ಯಾನ್‌ಗಳು ಹಾರ್ಡ್‌ಡಿಸ್ಕ್‌ನಲ್ಲಿ ಕೂರದೆ ಜನರ ಕೈಗೆ ಬರಬೇಕು.

ಶಿಲ್ಪದ ಭಂಗಿಯನ್ನು ನೋಡುಗರಿಂದ ಮಾಡಿಸಬಹುದೇ?

ಅಮೆರಿಕದ ಕ್ಲೀವ್‌ಲ್ಯಾಂಡ್ ಕಲಾ ಮ್ಯೂಸಿಯಂ 2013ರಲ್ಲಿ ತೆರೆದ ಗ್ಯಾಲರಿ ಒನ್‌ನಲ್ಲಿ ಇದನ್ನೇ ಮಾಡಿತ್ತು. ಪರದೆಯಲ್ಲಿ ಕಂಡ ಶಿಲ್ಪದಂತೆ ನಿಲ್ಲಬೇಕು, ಎಷ್ಟು ಹೊಂದಿತೆಂದು ಕ್ಯಾಮೆರಾ ಹೇಳುತ್ತದೆ. ಜನ ನಕ್ಕರು, ಜೊತೆಗೆ ಶಿಲ್ಪವನ್ನು ಗಮನವಿಟ್ಟು ನೋಡಿದರು. ನೋಡದೆ ಹಾಗೆ ನಿಲ್ಲಲು ಆಗುವುದಿಲ್ಲವಲ್ಲ.

ಬೇಲೂರಿನ ಮದನಿಕೆಯರಿಗೆ ಇದು ಹೇಳಿ ಮಾಡಿಸಿದ್ದು. ದರ್ಪಣಸುಂದರಿಯಂತೆ ನಿಂತು ನೋಡಿದವರಿಗೆ ಮಾತ್ರ ತಿಳಿಯುತ್ತದೆ, ತ್ರಿಭಂಗಿಯಲ್ಲಿ ಭಾರವೆಲ್ಲ ಒಂದೇ ಕಾಲಿನ ಮೇಲೆ ಬಿದ್ದು, ಸೊಂಟ ಒಂದು ಕಡೆ, ಭುಜ ಇನ್ನೊಂದು ಕಡೆ ವಾಲುತ್ತದೆ ಎಂದು. 12ನೆಯ ಶತಮಾನದ ಶಿಲ್ಪಿ ಅದನ್ನು ಮೆದು ಕಲ್ಲಿನಲ್ಲಿ ಎಷ್ಟು ಸಲೀಸಾಗಿ ನಿಲ್ಲಿಸಿದ್ದಾನೆಂಬ ಬೆರಗು ಆಗ ಹುಟ್ಟುತ್ತದೆ. ಆದರೆ ಪೂಜೆಗೊಳ್ಳುವ ದೇವರ ಮೂರ್ತಿಯನ್ನು ಅಂಕ ಕೊಡುವ ಆಟವಾಗಿ ಮಾಡಬೇಡಿ. ಅಂಕವನ್ನೇ ಬಿಟ್ಟು, ನೋಡುಗರ ಆಕೃತಿಯನ್ನೂ ಶಿಲ್ಪದ ಆಕೃತಿಯನ್ನೂ ಪಕ್ಕಪಕ್ಕ ತೋರಿಸಿದರೆ ಇನ್ನೂ ಚೆನ್ನ.

ಭರತನಾಟ್ಯದ ಹಸ್ತಮುದ್ರೆಗಳನ್ನು ಕ್ಯಾಮೆರಾ ಗುರುತಿಸುತ್ತದೆಯೇ?

ಕೆಲವನ್ನು ಚೆನ್ನಾಗಿ, ಕೆಲವನ್ನು ಕಷ್ಟಪಟ್ಟು. ನೃತ್ಯದ ಹಳೆಯ ಸಂಸ್ಕೃತ ಗ್ರಂಥ ಅಭಿನಯ ದರ್ಪಣದ 28 ಅಸಂಯುತ ಹಸ್ತಗಳಲ್ಲಿ, ಅಂದರೆ ಒಂದೇ ಕೈಯ ಮುದ್ರೆಗಳಲ್ಲಿ, ಪತಾಕ, ಶಿಖರ, ಸೂಚಿಯಂಥವು ಸುಲಭ. ತ್ರಿಪತಾಕದಲ್ಲಿ ಉಂಗುರದ ಬೆರಳು ಮಡಚುತ್ತದೆ, ಮಯೂರದಲ್ಲಿ ಅದೇ ಬೆರಳು ಹೆಬ್ಬೆರಳಿಗೆ ತಾಗುತ್ತದೆ. ಓರೆಯಿಂದ ನೋಡಿದರೆ ಇವೆರಡರ ನಡುವೆ ಯಂತ್ರ ತಡಬಡಿಸುತ್ತದೆ. ಎರಡು ಕೈ ಕೂಡುವ ಸಂಯುತ ಹಸ್ತಗಳಲ್ಲಿ ಒಂದು ಕೈಯ ಬೆರಳು ಇನ್ನೊಂದರ ಹಿಂದೆ ಮರೆಯಾಗುವುದರಿಂದ ತಪ್ಪು ಹೆಚ್ಚು. ಮುಖ್ಯವಾದ ಮಾತೆಂದರೆ ಯಂತ್ರಕ್ಕೆ ಸಿಗುವುದು ಬೆರಳಿನ ಆಕಾರ ಮಾತ್ರ. ಅದೇ ಪತಾಕ ಮೋಡವೂ ಆದೀತು, ನದಿಯೂ ಆದೀತು, ಅದನ್ನು ತೀರ್ಮಾನಿಸುವುದು ಕಣ್ಣು ಮತ್ತು ಹಾಡಿನ ಸಾಲು. ನೃತ್ಯಗುರುಗಳೊಬ್ಬರನ್ನು ಮೊದಲ ದಿನದಿಂದಲೇ ಜೊತೆಗಿಟ್ಟುಕೊಳ್ಳಿ.

ತೊಗಲು ಗೊಂಬೆಯನ್ನು ಕೈಸನ್ನೆಯಿಂದ ಆಡಿಸುವ ಹಾಗೆ ಮಾಡಬಹುದೇ?

ತಾಂತ್ರಿಕವಾಗಿ ಕಷ್ಟವೇನಲ್ಲ. 2011ರಲ್ಲೇ ಆಮ್‌ಸ್ಟರ್‌ಡ್ಯಾಮ್‌ನ ಮಕ್ಕಳ ಉತ್ಸವವೊಂದರಲ್ಲಿ ಕಲಾವಿದರಾದ ಎಮಿಲಿ ಗೊಬಿಲ್ ಮತ್ತು ಥಿಯೊ ವಾಟ್ಸನ್ ‘ಪಪೆಟ್ ಪೆರೇಡ್’ ತೋರಿಸಿದ್ದರು. ಮಗು ತೋಳಾಡಿಸಿದಂತೆ ಗೋಡೆಯ ಮೇಲಿನ ದೊಡ್ಡ ಪ್ರಾಣಿ ಗೊಂಬೆಯಂತೆ ಆಡುತ್ತಿತ್ತು.

ನಾವು ಎಚ್ಚರಿಸುವುದು ಬೇರೆ ವಿಷಯಕ್ಕೆ. ಇದು ಬದುಕಿರುವ ಕಲೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ಈ ಕಲೆಗೇ. ಗೊಂಬೆಯ ಚಿತ್ರ ತೆಗೆದುಕೊಂಡು, ಕಲಾವಿದರ ಕುಟುಂಬಕ್ಕೆ ಒಂದು ಮಾತೂ ಹೇಳದೆ ಪರದೆಗೆ ಏರಿಸುವುದು ಅನ್ಯಾಯ. ಒಪ್ಪಿಗೆ ಕೇಳಿ, ಸಂಭಾವನೆ ಕೊಡಿ, ಅವರ ದನಿಯಲ್ಲೇ ಮಾತು ಮತ್ತು ಹಾಡು ದಾಖಲಿಸಿ, ಅವರ ಹೆಸರು, ಊರು, ಆಟಕ್ಕೆ ಕರೆಸುವ ಬಗೆಯನ್ನು ಪರದೆಯ ಪಕ್ಕದಲ್ಲೇ ಬರೆಯಿರಿ. ಕೋಲು ಹಿಡಿದು ತೊಗಲಿನ ಭಾರ ತಿಳಿಯುವ ಅನುಭವವನ್ನು ಕ್ಯಾಮೆರಾ ಕೊಡಲಾರದು. ಹಾಗಾಗಿ ಪಕ್ಕದಲ್ಲಿ ಒಂದು ನಿಜವಾದ ಬಿಳಿ ಪರದೆ, ಒಂದು ದೀಪ, ಮಕ್ಕಳು ಹಿಡಿಯಬಹುದಾದ ಎರಡು ಗೊಂಬೆ ಇದ್ದರೆ ನಮಗೆ ಹೆಚ್ಚು ಸಂತೋಷ.

ಸೀರೆ, ಪಂಚೆ, ಬುರ್ಖಾ ಉಟ್ಟವರನ್ನು ಕ್ಯಾಮೆರಾ ಗುರುತಿಸುತ್ತದೆಯೇ?

ಸೊಂಟದಿಂದ ಮೇಲೆ ತೊಂದರೆ ಕಡಿಮೆ. ಕೆಳಗೆ, ಮಂಡಿಯ ಆಕಾರ ಬಟ್ಟೆಯಲ್ಲಿ ಮುಚ್ಚಿರುವಾಗ ಯಂತ್ರ ಊಹೆ ಮಾಡುತ್ತದೆ, ಊಹೆ ತಪ್ಪುತ್ತದೆ. ಕಾಲಿನ ಸೂಕ್ಷ್ಮ ಚಲನೆ ಬೇಡುವ ಆಟ ನಮ್ಮ ಮ್ಯೂಸಿಯಂಗಳಿಗೆ ಬೇಡ. ಮಗುವನ್ನು ಎತ್ತಿಕೊಂಡವರು, ಚೀಲ ಹಿಡಿದವರು ಒಂದೇ ಕೈಯಲ್ಲಿ ಎಲ್ಲವನ್ನೂ ಮಾಡುವಂತಿರಲಿ. ಗಾಲಿಕುರ್ಚಿಯಲ್ಲಿ ಕೂತವರಿಗೆ, ಆರು ವರ್ಷದ ಮಗುವಿಗೆ, ಕೈ ಪೂರ್ತಿ ಎತ್ತಲಾಗದ ಅಜ್ಜನಿಗೆ ಅದೇ ಕಥೆ ಸಿಗುವಂತೆ ಒಂದು ದೊಡ್ಡ ಬಟನ್ ಕೂಡ ಇಡಿ. ದೃಷ್ಟಿ ಇಲ್ಲದವರಿಗೆ ಶಾಸನದ ಮುಟ್ಟಬಹುದಾದ ಪ್ರತಿಕೃತಿ ಬೇಕು, ಅದಕ್ಕೆ ಯಾವ ಕ್ಯಾಮೆರಾವೂ ಬದಲಿಯಲ್ಲ.

ಜನ ಪರದೆ ಮುಂದೆ ಸುಮ್ಮನೆ ನಿಂತು ಹೋಗುತ್ತಾರೆ, ಕೈ ಎತ್ತುವುದೇ ಇಲ್ಲ. ಯಾಕೆ?

ಒಂದು, ಇದು ಕೈಗೆ ಸ್ಪಂದಿಸುತ್ತದೆ ಎಂದೇ ಅವರಿಗೆ ತಿಳಿದಿರುವುದಿಲ್ಲ. ಎರಡು, ನಾಲ್ಕು ಜನರ ಎದುರು ಕೈ ಬೀಸಲು ಸಂಕೋಚ. ಸೂಚನಾ ಫಲಕ ಇದಕ್ಕೆ ಮದ್ದಲ್ಲ, ಅದನ್ನು ಯಾರೂ ಓದುವುದಿಲ್ಲ. ಯಾರಾದರೂ ಮುಂದೆ ಹಾದ ತಕ್ಷಣ ಅವರ ನೆರಳು ಪರದೆಯಲ್ಲಿ ಮೂಡಲಿ. ತನ್ನದೇ ನೆರಳು ಕಂಡವರು ನಿಲ್ಲುತ್ತಾರೆ, ನಿಂತವರು ಕೈ ಆಡಿಸುತ್ತಾರೆ, ಅವರನ್ನು ಕಂಡು ಇನ್ನಿಬ್ಬರು ಬರುತ್ತಾರೆ. ಸಂಕೋಚಕ್ಕೆ ಪರಿಹಾರ ಸಣ್ಣ ಸನ್ನೆ. ಎದೆಯ ಮಟ್ಟದಲ್ಲಿ ಅಂಗೈ ಸರಿಸುವುದಕ್ಕೆ ಯಾರೂ ನಾಚುವುದಿಲ್ಲ.

ನಲವತ್ತು ಶಾಲಾಮಕ್ಕಳು ಒಟ್ಟಿಗೆ ಬಂದರೆ?

ನೆಲದ ಮೇಲೆ ಎರಡು ಪಾದದ ಗುರುತು ಹಾಕಿ, ಅಲ್ಲಿ ನಿಂತವರ ಕೈಯನ್ನು ಮಾತ್ರ ಯಂತ್ರ ಗಮನಿಸಲಿ. ಇಲ್ಲದಿದ್ದರೆ ಹಿಂದೆ ನಿಂತವರ ಕೈಯೆಲ್ಲ ಸೇರಿ ಗೊಂದಲವಾಗುತ್ತದೆ. ಉಳಿದವರು ನೋಡುತ್ತ ಕಲಿಯುವಷ್ಟು ದೊಡ್ಡದಾಗಿರಲಿ ಪರದೆ.

ಕೈ ನೋಯುವುದು, ಬೇಡದ್ದು ಆಯ್ಕೆಯಾಗುವುದು ತಪ್ಪಿಸುವುದು ಹೇಗೆ?

ತೋಳನ್ನು ಗಾಳಿಯಲ್ಲಿ ಎತ್ತಿ ಹಿಡಿಯುವ ಕೆಲಸ ಒಂದೇ ಸಲಕ್ಕೆ ಕೆಲವು ಸೆಕೆಂಡು ಮೀರದಿರಲಿ. ಆಯ್ಕೆ ಮಾಡಲು ಕೈಯನ್ನು ಒಂದೆಡೆ ಒಂದೂವರೆ ಸೆಕೆಂಡಿನಷ್ಟು ನಿಲ್ಲಿಸುವಂತಿರಲಿ, ಸುತ್ತ ತುಂಬುತ್ತ ಹೋಗುವ ಉಂಗುರ ಕಾಣಲಿ. ಆಗ ಮೂಗು ತುರಿಸಿಕೊಂಡರೂ ಪುಟ ಬದಲಾಗುವ ಕಾಟ ಇರುವುದಿಲ್ಲ. ಒಂದು ಪ್ರದರ್ಶನಕ್ಕೆ ಒಂದು, ಹೆಚ್ಚೆಂದರೆ ಎರಡು ಸನ್ನೆ ಸಾಕು.

ಕ್ಯಾಮೆರಾ ನಮ್ಮ ಚಿತ್ರ ಉಳಿಸಿಕೊಳ್ಳುತ್ತದೆಯೇ?

ಉಳಿಸಿಕೊಳ್ಳಬೇಕಾದ ಅಗತ್ಯವೇ ಇಲ್ಲ. ಕೀಲುಗಳ ಸ್ಥಾನ ಲೆಕ್ಕ ಹಾಕಿದ ಮೇಲೆ ಚಿತ್ರವನ್ನು ಆ ಕ್ಷಣವೇ ಬಿಟ್ಟುಬಿಡಬಹುದು. ಕಂಪ್ಯೂಟರ್ ಅನ್ನು ಇಂಟರ್ನೆಟ್‌ಗೆ ಜೋಡಿಸದಿದ್ದರೆ ಇನ್ನೂ ಭದ್ರ. ಮಾರುವವರ ಜೊತೆಗಿನ ಒಪ್ಪಂದದಲ್ಲೇ ಇದನ್ನು ಬರೆಸಿ, ಬಾಗಿಲಲ್ಲಿ ಕನ್ನಡದಲ್ಲಿ ಫಲಕ ಹಾಕಿ. ಸೆಲ್ಫಿ ತೆಗೆದು ಇಮೇಲ್ ಕಳಿಸುವ ವ್ಯವಸ್ಥೆ ಬೇಕೆಂದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಗಮನಕ್ಕೆ ಬರಬೇಕು. 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಅಗತ್ಯ.

ಪರದೆ ಬಂದಮೇಲೆ ನಿಜವಾದ ಕಲ್ಲನ್ನು ಯಾರೂ ನೋಡುವುದಿಲ್ಲವಲ್ಲ?

ಈ ಆತಂಕ ಸರಿಯಾದದ್ದು. ಪರದೆಯನ್ನು ಬೇರೆ ಕೋಣೆಯಲ್ಲಿಟ್ಟರೆ ಹಾಗೇ ಆಗುತ್ತದೆ. ಕಲ್ಲು ಮತ್ತು ಪರದೆ ಒಂದೇ ನೋಟದಲ್ಲಿ ಕಾಣಬೇಕು, ಪರದೆ ಕಲ್ಲಿಗಿಂತ ದೊಡ್ಡದಾಗಿ ಮೆರೆಯಬಾರದು. ಪ್ರದರ್ಶನ ಎರಡು ನಿಮಿಷದಲ್ಲಿ ಮುಗಿದು, ಕೊನೆಯಲ್ಲಿ ಪರದೆ ಕತ್ತಲಾಗಿ ನಿಜವಾದ ಕಲ್ಲಿನ ಮೇಲೆ ಓರೆ ಬೆಳಕು ಬೀಳುವಂತೆ ಮಾಡಿ. ಕಂಪ್ಯೂಟರ್ ಹೇಳಿದಾಗ ದೀಪ ಹೊತ್ತಿಸುವ ಒಂದು ಸಣ್ಣ ಸ್ವಿಚ್ (ರಿಲೇ) ಸಾಕು ಇದಕ್ಕೆ.

ಬಿಸಿಲು, ಧೂಳು, ಕರೆಂಟು?

ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇರುವುದರಿಂದ ಕಿಟಕಿಯ ಎದುರು ಆಳದ ಕ್ಯಾಮೆರಾ ಕುರುಡಾಗುತ್ತದೆ. ವೆಬ್‌ಕ್ಯಾಮ್‌ಗೆ ಬೆನ್ನ ಹಿಂದಿನ ಬೆಳಕು ಆಗದು. ವಾರಕ್ಕೊಮ್ಮೆ ಲೆನ್ಸ್ ಒರೆಸಿ. ಕರೆಂಟು ಹೋಗಿ ಬಂದಾಗ ಯಾರೂ ಮುಟ್ಟದೆ ತಾನೇ ಚಾಲೂ ಆಗುವಂತೆ ಮಾಡಿಸಿ. ಇಲ್ಲದಿದ್ದರೆ, ಕೀಲಿ ತೆರೆಯುವ ಸಿಬ್ಬಂದಿಗೆ ಚಾಲೂ ಮಾಡುವುದು ಗೊತ್ತಿರದೆ ಪ್ರದರ್ಶನ ತಿಂಗಳುಗಟ್ಟಲೆ ಕಪ್ಪು ಪರದೆಯಾಗಿ ನಿಲ್ಲುತ್ತದೆ.

ಇದರಿಂದ ಪ್ರಯೋಜನವಾಯಿತೋ ಇಲ್ಲವೋ ತಿಳಿಯುವುದು ಹೇಗೆ?

ಎಷ್ಟು ಜನ ಕೈ ಬೀಸಿದರು ಎಂದು ಎಣಿಸಿ ತೃಪ್ತಿಪಡಬೇಡಿ. ಪ್ರದರ್ಶನ ನೋಡಿ ಬಂದವರನ್ನು ಇನ್ನೊಂದು ವೀರಗಲ್ಲಿನ ಮುಂದೆ, ಪರದೆ ಇಲ್ಲದ ಕಡೆ, ನಿಲ್ಲಿಸಿ “ಇಲ್ಲಿ ಏನಾಗುತ್ತಿದೆ?” ಎಂದು ಕೇಳಿ. ಬೆರಳು ಎಲ್ಲಿಂದ ಶುರುವಾಗುತ್ತದೆ ನೋಡಿ.

ಎಲ್ಲಿಂದ ಶುರುಮಾಡಲಿ?

ನಿಮ್ಮ ಸಂಗ್ರಹದ ಒಂದೇ ಒಂದು ವಸ್ತುವನ್ನು ಆರಿಸಿ. ಅದನ್ನು ಮಾಡಿದವರು, ಬಳಸಿದವರು, ಓದಿದವರು ಕೈಯಿಂದ ಏನು ಮಾಡುತ್ತಿದ್ದರು ಎಂದು ಬಲ್ಲವರನ್ನು ಕೇಳಿ. ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಇಬ್ಬರು ವಿದ್ಯಾರ್ಥಿಗಳು, ಒಂದು ಲ್ಯಾಪ್‌ಟಾಪ್, ಒಂದು ವೆಬ್‌ಕ್ಯಾಮ್, ಹಳೆಯ ಪ್ರೊಜೆಕ್ಟರ್ ಇದ್ದರೆ ಮೊದಲ ಮಾದರಿಗೆ ಸಾಕು. ಅದಕ್ಕೂ ಮೊದಲು, ಪರದೆಯ ಬದಲು ಒಬ್ಬರು ಟಾರ್ಚ್ ಹಿಡಿದು ನಿಂತು, ನೋಡುಗರ ಕೈ ಸರಿದತ್ತ ಬೆಳಕು ಸರಿಸಿ ಪ್ರಯೋಗ ಮಾಡಿ ನೋಡಿ. ಟಾರ್ಚಿನಲ್ಲೇ ಜನ ನಿಂತು ನೋಡಿದರೆ ಮುಂದಿನ ಖರ್ಚಿಗೆ ಕೈಹಾಕಬಹುದು.